ಬನಿಯನ್ನಿನ ಬೆನ್ನಿಗೆ ಹೊಲಿದ ಚೆಂಡಿಗೆ

ಮಾನ್ಯರೇ,

ಗೊರಕೆಯ ವಿಷಯ ಅಲ್ಲವೇ ಅಲ್ಲ ಎಂದೇನೋ ಅಂದಿದ್ದಳು, ಅದರ ಮುಂದಿನ ಮಾತು ಆಟೋದ ಸದ್ದಿನಲ್ಲಿ ಹೋಯಿತೋ ನಾನೇ ಕೇಳಿಸಿಕೊಳ್ಳಲಿಲ್ಲವೋ, ಅಂತೂ ನನ್ನ ಹೆಂಡತಿ ವಿಶಾಲಾಕ್ಷಿ ನಿದ್ದೆ ಮಾಡುವುದಕ್ಕೆಂದೇ ಬೀದರಿನ ಅಕ್ಕನ ಮನೆಗೆ ಹೊರಟುಹೋದಳು. ಹೋಗುವ ಮುನ್ನ ನನ್ನ ಬನಿಯನ್ನಿನ ಬೆನ್ನಿಗೆ ಹಳೆಯ ಕುಪ್ಪಸದ ಬಟ್ಟೆಯಿಂದ ಜೇಬು ಹೊಲಿದು ಅದರಲ್ಲಿ ತಮ್ಮನ್ನು ಪ್ರತಿಷ್ಠಾಪಿಸಿದಳು. ಟೆನಿಸ್ ಚೆಂಡುಗಳಲ್ಲಿ ಶ್ರೇಷ್ಠರಾದ ತಮಗೆ, ತಾರ್ನಾಕದ ಫ್ಲಾಟಿನಿಂದ, ಅಂಗಾತ ಮಲಗುವ ಹಕ್ಕು ಕಳೆದುಕೊಂಡ ಬಸವಲಿಂಗಪ್ಪನ ನಮಸ್ಕಾರಗಳು.

ನಿದ್ದೆಯಲ್ಲಿ ನನ್ನ ಉಸಿರು ಆಗಾಗ ನಿಂತುಹೋಗಿ, ಆಮೇಲೆ ಏನೋ ನೆನಪಾದಂತೆ ಗಕ್ಕನೆ ಮರಳುತ್ತದೆ ಎಂದು ಡಾಕ್ಟರರು ಹೇಳಿದಾಗ, ಸರ್ಕಾರಿ ಕಾರ್ಖಾನೆಯಲ್ಲಿ ಇಷ್ಟು ವರ್ಷ ಕಳೆದವನಿಗೆ ಈ ಕಾರ್ಯಶೈಲಿ ಹೊಸದೆನಿಸಲಿಲ್ಲ. ಮೂಗಿಗೆ ಕೊಳವೆ ಜೋಡಿಸುವ ಯಂತ್ರವನ್ನು ನಾನು ಒಲ್ಲೆನೆಂದೆ. ಹಾಗಾದರೆ ಎಡಮಗ್ಗುಲಲ್ಲಿ ಮಲಗಿ ನೋಡೋಣ, ಅಂಗಾತ ಮಾತ್ರ ಬೇಡ ಎಂದರು.

ಮೇಲಿನ ಮನೆಯ ಅರವಿಂದ್ ಮಾದಾಪುರದ ಐಟಿ ಕಂಪನಿಯವನು, ಅಮೆರಿಕದವರ ಹಗಲಿಗೆ ನಮ್ಮ ರಾತ್ರಿಯನ್ನು ಕೊಟ್ಟು ಮನೆಯಿಂದಲೇ ಫೋನಿನಲ್ಲಿ ದುಡಿಯುವವನು. ಮೆಟ್ಟಿಲಲ್ಲಿ ಸಿಕ್ಕಾಗ, “ಅಂಕಲ್, ಅದೇನ್ ಸಪ್ಪಳ ಅಂತ ಕ್ಲೈಂಟ್ ಕೇಳಾಕತ್ತಿದ್ದ, ಜನರೇಟರ್ ಐತಿ ಅಂದೀನಿ. ನೀವು ನಡುವ ಬಂದ್ ಮಾಡಬ್ಯಾಡ್ರಿ, ಕರೆಂಟ್ ಹೋತೇನು ಅಂತ ಗಾಬರಿ ಆಗ್ತಾನ,” ಎಂದ. ಇಡೀ ನಗರ ಎಚ್ಚರವಿದ್ದು ಕಟ್ಟುತ್ತಿರುವ ಭವಿಷ್ಯಕ್ಕೆ ನನ್ನ ಕೊಡುಗೆ ಇಷ್ಟು.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಮ್ಮ ಅಡುಗೆಮನೆಯ ಗಾಜು ಒಡೆದು ಒಳಬಂದ ತಾವು, ಆ ಒಂದೇ ಅರ್ಹತೆಯ ಮೇಲೆ ನೇಮಕಗೊಂಡು, ನಾನು ಅಂಗಾತನಾಗುವ ಯೋಚನೆ ಮಾಡಿದೊಡನೆ ಬೆನ್ನುಮೂಳೆಯನ್ನು ವಿಚಾರಿಸಿಕೊಳ್ಳುತ್ತೀರಿ. ತೊಡಕು ಬೇರೆಯದು. ಬಲಮಗ್ಗುಲಲ್ಲೇ ಏಳಬೇಕೆಂದು ನನ್ನ ತಾಯಿ ಕಲಿಸಿದ್ದಾರೆ, ಎಡಮಗ್ಗುಲಲ್ಲೇ ಮಲಗಬೇಕೆಂದು ಡಾಕ್ಟರರು ಹೇಳಿದ್ದಾರೆ, ಇಬ್ಬರ ನಡುವೆ, ರಸ್ತೆಯುಬ್ಬಿನಂತೆ, ತಾವಿದ್ದೀರಿ. ತಮ್ಮನ್ನು ದಾಟಲಾರದೆ ನಾನೀಗ ಬೆಳಿಗ್ಗೆ ಹೊಟ್ಟೆಯ ಮೇಲಿಂದ ಉರುಳಿ ಆ ಕಡೆ ಬಲಮಗ್ಗುಲಾಗುತ್ತೇನೆ. ಆ ಕಡೆ ವಿಶಾಲಾಕ್ಷಿಯ ಜಾಗ, ಮದುವೆಯಾದಂದಿನಿಂದ ಅವಳು ಮಲಗುವ ನನ್ನ ಎಡಪಕ್ಕ. ಇಷ್ಟು ವರ್ಷ ಸೂರು ನೋಡುತ್ತ ಮಲಗಿದವನನ್ನು ತಾವು ಕಡೆಗೂ ಅವಳ ಕಡೆಗೆ ತಿರುಗಿಸಿದಿರಿ, ಅವಳು ಇಲ್ಲದಾಗ. ಉರುಳಲು ಬೇಕಾದಷ್ಟು ಸ್ಥಳವಿದೆ. ಈ ಅನುಕೂಲವನ್ನು ನಾನು ಕೇಳಿರಲಿಲ್ಲ.

ಅವಳು ದಿನವೂ ಫೋನಿನಲ್ಲಿ, “ಯಾವ ಮಗ್ಗಲಾ ಮಲಗಿದ್ರಿ?” ಎನ್ನುತ್ತಾಳೆ. ಎಡಕ್ಕೆ ಎಂದರೆ, “ಮಲಗಿದ್ದಾಂವಗ ಹೆಂಗ ಗೊತ್ತಾಗತೈತ್ರಿ? ಖಾತ್ರಿ ಆಗಲಿ, ಬರ್ತೀನಿ,” ಎಂದು ಇಟ್ಟುಬಿಡುತ್ತಾಳೆ. ನನ್ನ ನಿದ್ದೆಗೆ ನಾನು ಸಾಕ್ಷಿಯಲ್ಲ. ಇರುವ ಒಬ್ಬ ಪ್ರತ್ಯಕ್ಷದರ್ಶಿ ತಾವು. ಆದ್ದರಿಂದ, ಸದರಿ ವ್ಯಕ್ತಿ ರಾತ್ರಿಯಿಡೀ ಎಡಮಗ್ಗುಲಲ್ಲಿದ್ದು ನಿರಂತರವಾಗಿ ಉಸಿರಾಡಿದ್ದಾನೆಂದು ಗೆಜೆಟೆಡ್ ಅಧಿಕಾರಿಯ ದರ್ಜೆಯಲ್ಲಿ ದೃಢೀಕರಿಸಿ, ಮೊಹರು ಒತ್ತಿ, ಬೀದರಿಗೆ ಕಳಿಸಬೇಕಾಗಿ ವಿನಂತಿ. ತಮ್ಮ ಮೊಹರು ನನ್ನ ಬೆನ್ನಿನ ಮೇಲೆ ಈಗಾಗಲೇ ಇದೆ, ಆದರೆ ಅದನ್ನು ಅಂಚೆಗೆ ಹಾಕುವಂತಿಲ್ಲ.

ನಿನ್ನೆ ಫೋನೆತ್ತಿದವರು ಅವಳ ಅಕ್ಕ ಶರಣಬಸಮ್ಮ. “ಇಲ್ಲಿ ಭಾಳ ನಿದ್ದಿ ಮಾಡ್ತಾಳ ಅಂತ ತಿಳದೀರೇನು? ಗೊರಕಿ ಅಲ್ಲರಿ, ನಿಮ್ಮ ಉಸಿರು ನಿಂತಾಗ ತಿರುಗಿ ಬರೂತನಕಾ ಎಣಸೂದು ಆಕಿಗೆ ರೂಢಿ ಬಿದ್ದೈತಿ. ಇಲ್ಲೂ ಎದ್ದು ಕುಂತು ಎಣಸ್ತಾಳ,” ಎಂದರು. ಆಟೋದ ಸದ್ದಿನಲ್ಲಿ ಹೋದ ಮಾತು ಹೀಗೆ ಸುತ್ತಿ ಬಳಸಿ ಬಂದು ತಲುಪಿತು. ಆ ಕೊಳವೆಯ ಯಂತ್ರ ಆಗಬಹುದೆಂದು ಡಾಕ್ಟರರಿಗೆ ಇವತ್ತು ಫೋನ್ ಮಾಡಿದ್ದೇನೆ. ತಾವು ಅನ್ಯಥಾ ಭಾವಿಸಬಾರದು.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಎಡಮಗ್ಗುಲಿನ
ಬಸವಲಿಂಗಪ್ಪ

ಮರೆತ ಮಾತು: ತಾವು ಒಡೆದ ಗಾಜನ್ನು ನಾನಿನ್ನೂ ಹಾಕಿಸಿಲ್ಲ. ಬಂದ ದಾರಿ ತೆರೆದೇ ಇದೆ, ಅವಳು ಬಂದ ದಿನ ತಾವು ಯಾವ ಬೀಳ್ಕೊಡುಗೆಯೂ ಇಲ್ಲದೆ ಹೊರಡಬಹುದು. ಉಳಿದದ್ದು ತಮಗೆ ಸಂಬಂಧಿಸಿದ್ದಲ್ಲ. ವಿಶಾಲಾಕ್ಷಿ, ತಿರುಗಿ ಬರುವ ಉಸಿರು ಅಲ್ಲಿ ಕೇಳಿಸುವುದೇ ಇಲ್ಲವಲ್ಲ, ಎಣಿಕೆಯನ್ನು ಎಲ್ಲಿಗೆ ನಿಲ್ಲಿಸುತ್ತೀ?