ಸೊಂಟದಿಂದ ಕೆಳಗೆ ಮರ

ನಮ್ಮ ಭಾವ ಜೀವಮಾನದಲ್ಲಿ ಒಬ್ಬನೇ ಒಬ್ಬ ಮನುಷ್ಯನನ್ನೂ ಪೂರ್ತಿ ಮನುಷ್ಯನಾಗಿ ಉಳಿಸಿದವರಲ್ಲ! ಗಾಬರಿಯಾಗಬೇಡಿ, ಅವರು ಮಾಟಗಾರರಲ್ಲ. ಅಂಗಡಿ ಬೋರ್ಡು ಬರೆಯುವವರು, ನನ್ನ ಹೆಂಡತಿಯ ಅಣ್ಣ. ಅವರ ಕುಂಚಕ್ಕೆ ಸಿಕ್ಕವರೆಲ್ಲ ಸೊಂಟದವರೆಗೆ ಮನುಷ್ಯರು, ಅಲ್ಲಿಂದ ಕೆಳಗೆ ಮರ. ಕಾಲಿನ ಜಾಗದಲ್ಲಿ ಬೇರು, ಬೆರಳಿನ ಜಾಗದಲ್ಲಿ ಚಿಗುರು, ಕಿವಿಯ ಜಾಗದಲ್ಲಿ ಅಣಬೆ. ಕಾಲು ಬರೆಯಲು ಬಾರದ್ದಕ್ಕೆ ಈ ಉಪಾಯ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಒಂದು ದಿನ ಕೇಳಿಯೂ ಬಿಟ್ಟೆ.

“ಕಾಲು ಬೇಕಾದ್ದು ಯಾರಿಗೆ ಹೇಳಿ ಭಾವ? ನಿಂತ ಕಡೆ ನಿಲ್ಲೋಕಾಗದವರಿಗೆ!” ಎಂದರು. ಅವರು ನನಗೆ ಭಾವ, ನಾನು ಅವರಿಗೆ ಭಾವ.

ಗುಂಡ್ಲುಪೇಟೆ ಕಡೆಯಿಂದ ಬರಿಗೈಯಲ್ಲಿ ನಡೆದು ಬಂದು, ಕೇರಳದ ವಯನಾಡಿನ ಬೇಗೂರಿನ ಕಾಡಂಚಿನಲ್ಲಿ ಅಂಗಡಿ ಹಾಕಿದವನಿಗೆ ಹೇಳುವ ಮಾತೇ ಇದು? ನಾನೂ ಬೇರು ಬಿಟ್ಟು ನಿಂತಲ್ಲೇ ನಿಂತಿದ್ದರೆ ಇವರ ತಂಗಿ ಏನು ತಿನ್ನುತ್ತಿದ್ದಳು, ಸೊಪ್ಪನ್ನೇ?

ಪೇಟೆಯ ಕ್ಷೌರಿಕನಿಗೆ ಒಂದು ಬೋರ್ಡು ಬರೆದುಕೊಟ್ಟರು. ಚೆಲುವಾದ ಗಂಡಸಿನ ಮುಖ, ತಲೆಯ ತುಂಬ ಕೂದಲಿನ ಬದಲು ಆಲದ ಬಿಳಲು! ಕ್ಷೌರಿಕ ಅದನ್ನು ಹೊತ್ತುಕೊಂಡು ನನ್ನ ಅಂಗಡಿಗೇ ಬಂದ. “ಚೇಟ್ಟಾ, ನನ್ನದು ಕ್ಷೌರದ ಅಂಗಡಿಯೋ, ಗೆಣಸಿನ ಅಂಗಡಿಯೋ?” ಎಂದು ಮಲಯಾಳದಲ್ಲಿ ಕೂಗಾಡಿದ. ಕೂಗಾಡುವವರಿಗೆ ಸಲಹೆ ಕೊಡುವುದೆಂದರೆ ನನಗೆ ಹಬ್ಬ. “ಅದರ ಕೆಳಗೆ ‘ಕ್ಷೌರಕ್ಕೆ ಮುಂಚೆ’ ಅಂತ ಬರೆಸು, ಸಾಕು,” ಎಂದೆ. ಅಲ್ಲಿಂದ ಮುಂದೆ ಅವನಿಗೆ ಗಿರಾಕಿಗಳನ್ನು ಕೂರಿಸಲು ಬೆಂಚು ಸಾಲಲಿಲ್ಲ. ಕಲೆ ಹೇಗಾದರೂ ಇರಲಿ ಸ್ವಾಮಿ, ಕೆಳಗೆ ಬರೆಯುವ ಒಂದು ಸಾಲು ಸರಿಯಾಗಿರಬೇಕು. ಇದು ನನ್ನ ಪುಕ್ಕಟೆ ಬುದ್ಧಿಮಾತು.

ನನ್ನ ಅಂಗಡಿಗೆ ಬರೆದದ್ದು ನನ್ನದೇ ಚಿತ್ರ. ಸ್ವಂತ ತಂಗಿಯ ಗಂಡ, ಸ್ವಲ್ಪ ಮರ್ಯಾದೆಯಾದರೂ ಇರುತ್ತದೆ ಅಂದುಕೊಂಡಿದ್ದೆ. ಬಟ್ಟೆ ಸರಿಸಿ ನೋಡಿದರೆ ನಾನು ಹಲಸಿನ ಮರ! ಹೊಟ್ಟೆಯ ಜಾಗದಲ್ಲಿ ಸರಿಯಾಗಿ ಒಂದು ದೊಡ್ಡ ಹಲಸಿನಹಣ್ಣು. ಹೆಂಡತಿ ನೋಡಿ, “ರೀ, ಅಣ್ಣ ಒಂದು ಚೂರೂ ಸುಳ್ಳು ಬರೆದಿಲ್ಲ,” ಅಂದಳು. ಹಲಸಿಗೆ ಮಲಯಾಳದಲ್ಲಿ ಚಕ್ಕ ಅನ್ನುತ್ತಾರೆ. ವಾರದೊಳಗೆ ನಾನು ‘ಚಕ್ಕಚೇಟ್ಟನ್’, ಅಂದರೆ ಹಲಸಿನಣ್ಣ, ಆದೆ. ಆದರೆ ಬಸ್ಸಿನಲ್ಲಿ ಹೋಗುವವರೂ ಇಳಿದು ನೋಡಿ, ನಕ್ಕು, ಸೋಪು ಕೊಂಡು ಹೋಗುವುದನ್ನು ಕಂಡ ಮೇಲೆ ನನ್ನ ಮಾನಕ್ಕೆ ತಾನಾಗಿಯೇ ಸಮಾಧಾನವಾಯಿತು. ಬೋರ್ಡು ಅಲ್ಲೇ ಉಳಿಯಿತು.

ಬೋರ್ಡಿನ ಕೆಲಸ ಇಲ್ಲದಾಗ ಭಾವ ಹಾಳು ಟೀ ಪೆಟ್ಟಿಗೆಗಳನ್ನು ನನ್ನಿಂದ ಕೇಳಿ ಪಡೆದು, ಒಡೆದು, ಆ ಹಲಗೆಗಳ ಮೇಲೆ ಚಿತ್ರ ಬರೆಯಲು ಕಾಡಿನೊಳಗಿನ ಗಿರಿಜನರ ಹಾಡಿಗೆ ಹೋಗುತ್ತಿದ್ದರು. ದಾರಿ ತೋರಿಸುವವನು ಕೆಂಚ. ನನ್ನ ಅಂಗಡಿಗೆ ಜೇನು ತರುವ ಜೇನುಕುರುಬರ ಮುದುಕ. ಒಂದು ಸೀಸೆ ಜೇನಿಗೆ ಅವನೊಡನೆ ನಾನು ಮಾಡುತ್ತಿದ್ದ ಚೌಕಾಸಿಯನ್ನು ನೋಡಲೆಂದೇ ನಾಲ್ಕು ಜನ ಸೇರುತ್ತಿದ್ದರು.

ಮಾನಂದವಾಡಿಯಿಂದ ಬಂದಿದ್ದ ಡ್ರಾಯಿಂಗ್ ಮಾಸ್ತರರೊಬ್ಬರು ಆ ಹಲಗೆಗಳನ್ನು ನೋಡಿ, “ಇದು ಸಂಕೇತ! ಮನುಷ್ಯ ತನ್ನ ಅಹಂಕಾರ ಕಳಚಿ ಪ್ರಕೃತಿಯಲ್ಲಿ ಲೀನವಾಗುವ ಸಂಕೇತ! ಈ ಬೇರು ಇದೆಯಲ್ಲ, ಅದು ಮನಸ್ಸಿನ ಕತ್ತಲೆ,” ಎಂದು ಅರ್ಧ ಗಂಟೆ ವಿವರಿಸಿದರು. ತೆರಿಗೆ ಅಧಿಕಾರಿಗಳ ಮುಂದೆ ತಲೆ ಆಡಿಸುವ ಹಾಗೆ ನಾನು ತಲೆ ಆಡಿಸಿದೆ. ಅಷ್ಟರಲ್ಲಿ ಕೆಂಚ ಬಂದು ಇಣುಕಿದ.

“ಇದು ನಮ್ಮಜ್ಜ ಅಲ್ವಾ?”

“ನಿಮ್ಮಜ್ಜ ಮರ ಆಗಿದ್ದನೇನೋ?” ಅಂದೆ.

“ಈಗ್ಲೂ ಅವ್ನೆ ಬುದ್ಧಿ. ತೊರೆ ಪಕ್ಕದ ಮತ್ತಿ ಮರದಾಗೆ.”

ಮಾಸ್ತರರ ಅರ್ಧ ಗಂಟೆ ನೀರಿಗೆ ಹೋಯಿತು! ಈ ಕೆಂಚ ಜೇನಿಗೆ ಹತ್ತುವ ಮುಂಚೆ ಮರದ ಬೊಡ್ಡೆಗೆ ಅಂಗೈ ಇಟ್ಟು ಏನೋ ಗೊಣಗುತ್ತಿದ್ದ. “ಏನಪ್ಪಾ, ಬಾಗಿಲು ತೆಗೀತಾರಾ?” ಎಂದು ನಾನು ಗೇಲಿ ಮಾಡಿದರೆ, “ಮರಕ್ಕೆ ಹೇಳಿ ಹತ್ತಬೇಕು. ಹೇಳದೆ ಹತ್ತೋನು ಕಳ್ಳ,” ಅನ್ನುತ್ತಿದ್ದ.

ಅದು ನಕ್ಸಲರ ಗಲಾಟೆಯ ಕಾಲ. ಗಡ್ಡ ಬಿಟ್ಟವನೆಲ್ಲ ನಕ್ಸಲ, ಗಡ್ಡ ಬೋಳಿಸಿದವನು ವೇಷ ಮರೆಸಿದ ನಕ್ಸಲ! ತಿರುನೆಲ್ಲಿ ಕಡೆಯ ಗದ್ದೆಗಳಲ್ಲಿ ಕೂಲಿ ಹೆಚ್ಚು ಕೇಳಿದ, ಈ ಮಣ್ಣು ನಮ್ಮದು ಎಂದ ಹಾಡಿಯವರೆಲ್ಲ ಪೊಲೀಸರ ಪಟ್ಟಿ ಸೇರಿದ್ದರು. ಪಟ್ಟಿಯಲ್ಲಿ ಹೆಸರುಗಳಿದ್ದವು, ಮುಖಗಳಿರಲಿಲ್ಲ. ಜೀಪು ಬಂದರೆ ಹಾಡಿಯಲ್ಲಿ ಯಾರೂ ತಮ್ಮ ಹೆಸರು ಹೇಳುತ್ತಿರಲಿಲ್ಲ. ಇಂಥ ಕಾಲದಲ್ಲಿ ನಮ್ಮ ಭಾವ ಎದೆಮಟ್ಟದ ಗಡ್ಡ ಬಿಟ್ಟು, ಮರದ ತೊಗಟೆಗೆ ಬಳಿಯುವ ಕೆಂಪು ಬಣ್ಣವನ್ನು ಮೊಣಕೈವರೆಗೆ ಮೆತ್ತಿಕೊಂಡು ಕಾಡಿನಿಂದ ಬರುತ್ತಿದ್ದರೆ ಯಾರು ಸುಮ್ಮನಿರುತ್ತಾರೆ?

ಒಂದು ಬೆಳಿಗ್ಗೆ ಎಸ್.ಐ. ನನ್ನ ಅಂಗಡಿಯ ಮುಂದೆ ಜೀಪು ನಿಲ್ಲಿಸಿದರು. ನಿನ್ನ ಭಾವ ಕಾಡಿನಲ್ಲಿ ಏನು ಮಾಡುತ್ತಾನೆ?

ಇಲ್ಲಿ ನನ್ನ ಮಲಯಾಳದ ಬಗ್ಗೆ ಹೇಳಬೇಕು. ನಾನದನ್ನು ಕಲಿತದ್ದು ಒಂದೇ ಸೂತ್ರದಲ್ಲಿ: ಕನ್ನಡದ ಮಾತಿನ ಬಾಲಕ್ಕೆ ಒಂದು ‘ಅಂ’ ಕಟ್ಟಿದರೆ ಮಲಯಾಳ. ಮರ, ಮರಂ. ಮುಖ, ಮುಖಂ. ಪಟ ಎಂದರೆ ಪಡಂ. ಈ ಒಂದು ‘ಅಂ’ನಿಂದ ನಾನು ವಯನಾಡನ್ನೇ ಗೆದ್ದಿದ್ದೆ. ಖಾಕಿ ಕಂಡ ಆ ಕ್ಷಣ ಅದೇ ‘ಅಂ’ ನನ್ನನ್ನು ಬಿಟ್ಟು ಓಡಿತು!

“ಸಾರೇ, ಅವರು ಕಾಡಿನಲ್ಲಿ ಪಡ ಉಂಡಾಕ್ಕುನ್ನು,” ಎಂದೆ. ಪಟ ಮಾಡುತ್ತಿದ್ದಾರೆ ಎಂದು ನನ್ನ ಅರ್ಥ. ಆದರೆ ಮಲಯಾಳದಲ್ಲಿ ಪಡ ಎಂದರೆ ಏನು ಗೊತ್ತೇ? ನಮ್ಮ ಪಡೆ! ಸೈನ್ಯ!

ಎಸ್.ಐ. ಜೀಪಿನಿಂದ ಕೆಳಗಿಳಿದರು. “ಪಡಯೋ?”

“ಅದೇ ಸಾರೇ! ದೊಡ್ಡ ಪಡ!”

“ಎತ್ರ ಆಳು?”

“ಇದುವರೆಗೆ ಮೂವತ್ತು ಆಳು ತಯಾರಾಗಿದ್ದಾರೆ. ಎಲ್ಲರೂ ಮರದೊಳಗೇ ಇದ್ದಾರೆ ಸಾರೇ, ಸೊಂಟದ ಮೇಲೆ ಮಾತ್ರ ಕಾಣುತ್ತಾರೆ!”

ಎರಡು ಗಂಟೆಯಲ್ಲಿ ಎರಡು ಲಾರಿ ಪೊಲೀಸರು ಕಾಡು ಹೊಕ್ಕರು. ಮಧ್ಯಾಹ್ನಕ್ಕೆ ಭಾವನೂ ಮೂವತ್ತು ಹಲಗೆಗಳೂ ಠಾಣೆಯಲ್ಲಿದ್ದವು.

ಹೆಂಡತಿ ಒಲೆಗೆ ನೀರು ಸುರಿದಳು. “ನಿಮ್ಮ ನಾಲಿಗೆ ಕಳಿಸಿದ್ದು. ನಿಮ್ಮ ನಾಲಿಗೆಯೇ ಕರಕೊಂಡು ಬರಲಿ. ಅಲ್ಲೀವರೆಗೆ ಈ ಮನೇಲಿ ಅನ್ನ ಬೇಯಲ್ಲ.”

ಓಡಿದೆ. ನನ್ನ ‘ಅಂ’ ಮರೆತ ಕತೆಯನ್ನು ಹೇಳಿದಾಗ ಠಾಣೆಗೆ ಠಾಣೆಯೇ ನಕ್ಕಿತು. ಎಸ್.ಐ. ಕಣ್ಣೊರೆಸಿಕೊಂಡು ನಕ್ಕರು. ನಗುತ್ತಲೇ ಗೋಡೆಗೆ ಒರಗಿಸಿದ್ದ ಹಲಗೆಗಳತ್ತ ತಿರುಗಿದರು, ಒಂದೊಂದನ್ನೇ ನೋಡಿದರು. ನಗು ನಿಂತಿತು.

ಮೂವತ್ತು ಮುಖ! ಸೊಂಟದ ಕೆಳಗೆ ಏನೇ ಇರಲಿ, ಮೇಲೆ ಹುಬ್ಬಿನ ಗಾಯದ ಸಮೇತ, ಮುರಿದ ಹಲ್ಲಿನ ಸಮೇತ ಹಾಡಿಯ ಮೂವತ್ತು ಜನ. ಭಾವ ಹಾಳಾದವರು ಅಷ್ಟು ಚೆನ್ನಾಗಿ ಬರೆದಿದ್ದರು!

“ಇದು ಯಾರು?” ಎಸ್.ಐ. ಕೇಳಿದರು.

“ಮತ್ತಿ,” ಎಂದರು ಭಾವ.

“ಇದು?”

“ಹೊನ್ನೆ.”

“ಮುಖದ ಹೆಸರು ಕೇಳಿದ್ದು!”

“ಮರದ ಮುಖ ಸಾರ್. ಅದು ನಂದಿ. ಅದು ನೇರಳೆ. ಅವಳು ಬಿದಿರು.”

ಹೊನ್ನೆಗೆ ಒಂದು ಏಟು ಬಿತ್ತು, ನೇರಳೆಗೆ ಎರಡು. ಬಿದಿರಿಗೆ ಬಿದ್ದದ್ದನ್ನು ನಾನು ಎಣಿಸಲಿಲ್ಲ. ಗಡ್ಡದ ಮೇಲೆ ಇಳಿದದ್ದು ಕಾಡಿನ ಕೆಂಪು ಬಣ್ಣ ಅಲ್ಲ.

ಎಸ್.ಐ. ನನ್ನ ಹೆಗಲ ಮೇಲೆ ಕೈ ಇಟ್ಟರು. “ಚಕ್ಕಚೇಟ್ಟಾ, ನೀನು ವ್ಯಾಪಾರಿ. ಈ ಮುಖಗಳೆಲ್ಲ ನಿನ್ನ ಅಂಗಡಿಗೆ ಬರುತ್ತವೆ. ಹೆಸರು ಹೇಳು, ಭಾವನನ್ನು ಕರೆದುಕೊಂಡು ಹೋಗು.”

ಇಷ್ಟು ಸಲೀಸಾದ ವ್ಯಾಪಾರ ನನಗೆ ಎಂದೂ ಕುದುರಿರಲಿಲ್ಲ. ಮೊದಲನೆಯ ಹಲಗೆ ಕೆಂಚ. ಎರಡನೆಯವನು ಉಪ್ಪು ಒಯ್ಯುವವನು, ಮೂರನೆಯವಳು ಮಗುವಿಗೆ ಪೆಪ್ಪರ್‌ಮಿಂಟು ಒಯ್ಯುವವಳು. ಒಬ್ಬರೂ ನನಗೆ ನೆಂಟರಲ್ಲ. ನೆಂಟರು ಅಲ್ಲಿ ರಕ್ತ ಒರೆಸಿಕೊಳ್ಳುತ್ತ ಕೂತಿದ್ದರು, ನನ್ನತ್ತ ನೋಡಲೂ ಇಲ್ಲ.

“ಮರಂ, ಸಾರೇ,” ಎಂದೆ. “ಎಲ್ಲಾ ಮರಂ.”

ಈ ಸಲ ‘ಅಂ’ ಮರೆಯಲಿಲ್ಲ.

ಆಮೇಲೆ ನನ್ನ ನಾಲಿಗೆ ತಾನಾಗಿಯೇ ಕೆಲಸಕ್ಕಿಳಿಯಿತು. “ಪಡೆ ಹಿಡಿದೆ ಅಂತ ಮೇಲಿನವರಿಗೆ ಹೇಳಿಬಿಟ್ಟಿದ್ದೀರಿ. ಈಗ ಮೂವತ್ತು ಟೀ ಪೆಟ್ಟಿಗೆ ಹಲಗೆ ಹಿಡಿದೆ ಅಂತ ಬರೀತೀರಾ? ನಗೋದಿಲ್ವಾ ಸಾರೇ? ಇಲ್ಲೇ ಹಿತ್ತಲಲ್ಲಿ ಸುಟ್ಟುಬಿಡಿ. ಹಲಗೆಯೂ ಇಲ್ಲ, ಪಡೆಯೂ ಇಲ್ಲ, ನಗೆಪಾಟಲೂ ಇಲ್ಲ.” ಎಸ್.ಐ. ಬೆಂಕಿಪೊಟ್ಟಣ ತರಿಸಿದರು.

ಭಾವ ತಾವೇ ಒಂದೊಂದಾಗಿ ಹಲಗೆ ಎತ್ತಿ ಹಾಕಿದರು. ವರ್ಷಗಟ್ಟಲೆಯ ಕೆಲಸ. “ಟೀ ಪೆಟ್ಟಿಗೆ ಚೆನ್ನಾಗಿ ಉರೀತದೆ ಭಾವ,” ಎಂದರು, ಅಷ್ಟೆ.

ಬೂದಿಯಾದ ಮೇಲೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ದಾರಿಯಲ್ಲಿ ಭಾವ ಕೇಳಿದರು: “ಆ ಮೊದಲನೇದು ಮತ್ತಿ ಮರ ಅಂತ ನಿಮಗೆ ಗೊತ್ತಾಗಿತ್ತಾ?”

“ನನಗೆಲ್ಲಿ ಮರ ಗೊತ್ತಾಗುತ್ತೆ? ಕೆಂಚ ಅಂತ ಗೊತ್ತಾಗಿತ್ತು.”

ಅವರು ಒಡೆದ ತುಟಿಯಲ್ಲೇ ನಕ್ಕರು.

ಭಾವನ ಮರಗಳಲ್ಲಿ ನಮ್ಮ ಕಡೆ ಉಳಿದದ್ದು ಕ್ಷೌರಿಕನದೊಂದು, ನನ್ನ ಹಲಸಿನದೊಂದು. ನಾಲ್ಕು ದಿನ ಕಳೆದು ಕೆಂಚ ಜೇನಿನ ಸೀಸೆ ಹಿಡಿದು ಬಂದ. ಒಳಗೆ ಕಾಲಿಡಲಿಲ್ಲ. ಹೊರಗೆ ಬೋರ್ಡಿನ ಮುಂದೆ ನಿಂತು, ಹಲಸಿನ ಬೊಡ್ಡೆಗೆ, ಅಂದರೆ ನನ್ನ ಸೊಂಟದ ಕೆಳಗೆ, ಅಂಗೈ ಇಟ್ಟು ಏನೋ ಗೊಣಗಿದ.

“ಏನೋ ಅದು?” ಅಂದೆ.

“ಮರಕ್ಕೆ ಹೇಳಿ ಬತ್ತಾ ಇವ್ನಿ ಬುದ್ಧಿ.”

ಸೀಸೆ ಮುಂದಿಟ್ಟು, ಎಂದಿನ ಚೌಕಾಸಿಗೆ ಸಿದ್ಧನಾಗಿ ನಿಂತ. ಕೇಳಿದಷ್ಟು ಕೊಟ್ಟುಬಿಟ್ಟೆ. ಮರ ಎಲ್ಲಾದರೂ ಚೌಕಾಸಿ ಮಾಡುತ್ತದೆಯೇ?