ಹಲಸಿನ ಹಲಗೆಯ ಪೆಟ್ಟಿಗೆ

ತೀರಿಕೊಂಡ ನಮ್ಮ ನೆರೆಮನೆಯ ಅಜ್ಜಿಯ ತಿಂಗಳ ಪೂಜೆಯು ನಿನ್ನೆ ಇಗರ್ಜಿಯಲ್ಲಿ ನೆರವೇರಿತು. ಮರಳಿ ಬಂದು ಅವರ ಜಗಲಿಯಲ್ಲಿ ಕುಳಿತವರೆಲ್ಲ ಮೊದಲು ಕಣ್ಣೊರೆಸಿಕೊಂಡರು; ಕಾಫಿ ಬರುವ ವೇಳೆಗೆ ಒಬ್ಬೊಬ್ಬರಾಗಿ ನಗತೊಡಗಿದರು. ಆ ಮನೆಯ ರೀತಿಯೇ ಹಾಗೆ. ಶೋಕವು ಹೊಸಿಲು ದಾಟಿ ಒಳಬಂದರೆ, ಅದರ ಬೆನ್ನಿಗೇ ನಗೆಯೂ ಬಂದು ಕೂರುತ್ತಿತ್ತು.

ಕನ್ನಡ ಪಂಡಿತನಾಗಿ ನಿವೃತ್ತನಾಗಿ ಬೆಳಗೋಡಿನ ಬಳಿ ನೆಲೆಸಿದ ಶೈವನಾದ ನನಗೆ, ಆ ಕ್ಯಾಥೊಲಿಕ್ ವೃದ್ಧೆಯ ನೆರೆ ದೊರೆತದ್ದು ಪುಣ್ಯವೆಂದೇ ತಿಳಿದಿದ್ದೇನೆ. ಎಸ್ಟೇಟಿನ ಕೂಲಿಯವರ ಲೈನಿನಲ್ಲಿ ಹೆರಿಗೆಯಾದರೆ ಬಿಸಿನೀರು ಕಾಯಿಸುವವರು ಅವರು. ಸಾವಾದರೆ ಹೆಣಕ್ಕೆ ಸ್ನಾನ ಮಾಡಿಸುವವರೂ ಅವರೇ. ಜಾತಿ ಕೇಳಿದವರಲ್ಲ. ಮನೆತುಂಬ ಮಕ್ಕಳು, ಮೊಮ್ಮಕ್ಕಳು. ಸಂಜೆಗೆ ತಪ್ಪದ ಜಪಸರ.

ತಮಗಾಗಿ ಅವರು ಬಯಸಿದ್ದು ಒಂದನ್ನೇ. ತೊಂಬತ್ತರ ದಶಕದ ಒಂದು ಬಿರುಗಾಳಿಗೆ, ಅವರ ದಿವಂಗತ ಪತಿ ಬೇಲಿಯಂಚಿನಲ್ಲಿ ನೆಟ್ಟಿದ್ದ ಹಲಸಿನ ಮರ ಉರುಳಿತು. ಬುಡದ ಭಾಗ ಈಚೆಗೆ ಉಳಿಯಿತು. ತುದಿಯ ಭಾಗ ಬೇಲಿಯಾಚೆಯ ತೋಟದೊಡತಿಯ ನೆಲಕ್ಕೆ ಬಿತ್ತು. ಆಕೆಯೂ ಅದೇ ಇಗರ್ಜಿಯವಳು. "ಮರವೇ ನಮ್ದು" ಎಂದು ಜಗಳ ತೆಗೆದು, ಕೊನೆಗೆ "ಹೋಗ್ಲಿ, ಬುಡ ನೀನೇ ಇಟ್ಕೊ. ಇನ್ಮೇಲೆ ನಿಮ್ಮನೆ ಒಂದು ಕಡ್ಡಿನೂ ನನಗೆ ಬ್ಯಾಡ!" ಎಂದು ಕೂಗಿ ಬಾಗಿಲು ಹಾಕಿಕೊಂಡಳು.

ಅಜ್ಜಿ ಆಚಾರಿಯನ್ನು ಕರೆಸಿದರು. "ಯಜಮಾನರು ನೆಟ್ಟ ಮರ. ನನ್ನ ಇದರಲ್ಲೇ ಮಣ್ಣು ಮಾಡ್ಬೇಕು" ಎಂದು ಅಳತೆ ಕೊಟ್ಟು ನಿಂತರು. ಪೆಟ್ಟಿಗೆ ಅಟ್ಟವೇರಿತು, ಉಳಿದ ಹಲಗೆಗಳು ಅದರ ಪಕ್ಕದಲ್ಲಿ ನಿಂತವು.

೧. ಹಬ್ಬದ ತಿಂಡಿ

ಖಾಲಿ ಬಿಟ್ಟರೆ ಇಲಿ ಮರಿ ಹಾಕುತ್ತವೆಂದು, ಕ್ರಿಸ್ಮಸ್ ತಿಂಡಿಯ ಡಬ್ಬಗಳನ್ನು ಅಜ್ಜಿ ಅದರೊಳಗೇ ಇರಿಸುತ್ತಿದ್ದರು. ಇಗರ್ಜಿಗೆ ಹೊಸದಾಗಿ ಬಂದ ಗುರುಗಳು ಒಮ್ಮೆ ಆ ಮನೆಗೆ ಬಂದು, ಎರಡನೆಯ ಕರಿಗಡುಬಿಗೆ ಕೈಯಿಟ್ಟು, "ಹಬ್ಬ ಕಳೆದು ಇಷ್ಟು ದಿನವಾದರೂ ಎಷ್ಟು ಗರಿಗರಿ!" ಎಂದು ಮೆಚ್ಚಿದರು.

ಸೊಸೆ ಸರಳವಾಗಿ ನುಡಿದಳು: "ಅತ್ತೆ ಶವಪೆಟ್ಟಿಗೇಲಿ ಇಟ್ಟಿದ್ರು ಫಾದರ್. ಗಾಳಿ ಆಡಲ್ಲ."

ಗುರುಗಳ ಕೈ ಬಾಯಿಯ ಬಳಿ ನಿಂತಿತು. ಅಜ್ಜಿ ತಟ್ಟೆಯನ್ನು ಇನ್ನಷ್ಟು ಮುಂದೆ ಸರಿಸಿದರು.

"ತಿನ್ನಿ ಫಾದರ್, ನಾನಿನ್ನೂ ಅದರಾಗೆ ಮಲಗಿಲ್ಲ."

೨. ಮೊಣಕಾಲು

ಲೈನಿನಲ್ಲಿ ಒಬ್ಬಂಟಿಯಾಗಿದ್ದ ಕ್ರೈಸ್ತ ಮುದುಕನೊಬ್ಬ ತೀರಿಕೊಂಡ. ಬಂಧುಗಳಿರಲಿಲ್ಲ. ಅಜ್ಜಿ ಎರಡು ಮಾತಾಡದೆ ತಮ್ಮ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದರು. ಆದರೆ ಅಜ್ಜಿ ಕುಳ್ಳಗೆ, ಆತನೋ ಯಾವ ಬಾಗಿಲಿಗೂ ತಲೆಬಾಗದೆ ಒಳಬರಲಾಗದ ಎತ್ತರದವನು. ಪಾದಗಳು ಹೊರಗೇ ಉಳಿದವು. ಹೊರಲು ಬಂದವರು ಮುಖಮುಖ ನೋಡಿಕೊಂಡರು.

"ಮೊಣಕಾಲು ಮಡಿಸ್ರಪ್ಪ" ಎಂದರು ಅಜ್ಜಿ, ಕಣ್ಣೀರೊರೆಸಿಕೊಳ್ಳುತ್ತ. "ಹೆಂಗೂ ಅಲ್ಲಿಗೆ ಹೋಗಿ ಮೊಣಕಾಲೂರೋನೇ ಅಲ್ವಾ?"

ಹೆಣ ಹೊತ್ತವರು ತುಟಿ ಕಚ್ಚಿಕೊಂಡೇ ಸ್ಮಶಾನ ಮುಟ್ಟಿದರು.

ಉಳಿದ ಹಲಗೆಗಳಲ್ಲಿ ಎರಡನೆಯ ಪೆಟ್ಟಿಗೆಯನ್ನು ಆರಡಿ ಉದ್ದಕ್ಕೆ ಮಾಡಲು ಅಜ್ಜಿ ಹೇಳಿದರು. "ನಿಮಗ್ಯಾಕಜ್ಜಿ ಆರಡಿ?" ಎಂದ ಆಚಾರಿಗೆ ದೊರೆತ ಉತ್ತರವಿದು: "ಉದ್ದ ಆದ್ರೆ ನಾನು ಕಾಲು ಚಾಚ್ಕೊತೀನಿ. ಬ್ಯಾರೆಯೋರಿಗೆ ಬೇಕಾದಾಗ ಗಿಡ್ಡ ಆಗ್ಬಾರ್ದು ಕಣಪ್ಪ."

ಅಲ್ಲಿಗೆ ಮರ ಮುಗಿಯಿತು.

೩. ಕಡ್ಡಿಯೂ ಮರವೂ

ಕೆಲವು ವರ್ಷಗಳ ತರುವಾಯ, ಗುಡ್ಡ ಜರಿದು ಸಕಲೇಶಪುರದ ದಾರಿ ಮುಚ್ಚಿಹೋಗಿದ್ದ ಒಂದು ಬೆಳಗ್ಗೆ, ಬೇಲಿಯಾಚೆಯ ಒಡತಿ ತೀರಿಕೊಂಡಳು. ಪೇಟೆಯಿಂದ ಪೆಟ್ಟಿಗೆ ಬರುವಂತಿರಲಿಲ್ಲ. ಆಕೆಯ ಮಗ ಮಳೆಯಲ್ಲೇ ಬೇಲಿಯ ಬಳಿ ಬಂದು, ಅಜ್ಜಿಯ ಮನೆಯ ಕಡೆ ನೋಡುತ್ತ ನಿಂತ.

"ಯಾಕೋ ನೆನ್ಕೊಂಡು ನಿಂತಿದ್ದೀಯ? ಬಾ ಒಳಗೆ" ಎಂದರು ಅಜ್ಜಿ.

ಸೊಸೆ ಮೆಲ್ಲಗೆ ಎಂದಳು: "ಅತ್ತೆ, ಇನ್ನು ಹಲಗೆ ಇಲ್ಲ. ಮಾವ ನೆಟ್ಟ ಮರ..."

ಅಜ್ಜಿ ಜಪಸರದ ಮಣಿಗಳನ್ನು ಒಂದು ಸುತ್ತು ಎಣಿಸಿ ಮುಗಿಸಿದರು. ಆಮೇಲೆ, "ಅವಳನ್ನ ಚಾಪೇಲಿ ಸುತ್ತಿ ಕಳಿಸಕ್ಕಾಗುತ್ತಾ? ಇಳಿಸ್ರೋ" ಎಂದರು.

ತಾವೇ ಹೋಗಿ ಹೆಣಕ್ಕೆ ಸ್ನಾನ ಮಾಡಿಸಿದರು, ಸೀರೆ ಉಡಿಸಿದರು. ಮುಚ್ಚಳ ಹಾಕುವ ಮುನ್ನ ಬಾಗಿ, ಜೀವವಿದ್ದವಳೊಡನೆ ಆಡುವಂತೆ ಆಡಿದರು: "ನಮ್ಮನೆ ಕಡ್ಡಿನೂ ಬ್ಯಾಡ ಅಂದಿದ್ದೆ. ಈಗ ಮರಾನೇ ತಗೊಂಡು ಹೋಗು ಮಾರಾಯ್ತಿ. ಮೇಲೆ ನಮ್ಮ ಯಜಮಾನರು ಸಿಕ್ಕಿದ್ರೆ ಕೇಳು, ನೆಟ್ಟಿದ್ದು ಯಾರು ಅಂತ."

ಅಷ್ಟು ಹೇಳಿ, ಮೊಣಕಾಲೂರಿ ಪ್ರಾರ್ಥನೆಗೆ ತೊಡಗಿದರು.

೪. ಆರಡಿ

ಕಳೆದ ತಿಂಗಳು ಅಜ್ಜಿ ನಿದ್ರೆಯಲ್ಲಿಯೇ ಕಣ್ಮುಚ್ಚಿದರು. ಪೆಟ್ಟಿಗೆಗಾಗಿ ಪೇಟೆಗೆ ಹೊರಟವರನ್ನು ಆಚೆಮನೆಯ ಆ ಮಗನೇ ತಡೆದ. ಅವರ ಕಡೆಗೆ ಬಿದ್ದಿದ್ದ ತುದಿಯ ಭಾಗದಿಂದ ಅವನ ತಾಯಿ ದೊಡ್ಡ ಮಂಚವೊಂದನ್ನು ಮಾಡಿಸಿದ್ದಳಂತೆ. ಅದನ್ನು ಬಿಚ್ಚಿ, ಹಲಗೆಗಳನ್ನು ಹೊತ್ತು ತಂದಿದ್ದ.

ಆಚಾರಿ ಅಜ್ಜಿಯ ಅಳತೆಗೆಂದು ಟೇಪು ತೆಗೆದರು. ಅವನು ಕೈ ಅಡ್ಡ ಹಿಡಿದ.

"ಅಳತೆ ಬ್ಯಾಡ ಆಚಾರ್ರೆ, ಆರಡಿನೇ ಮಾಡಿ. ಗಿಡ್ಡ ಮಾಡಿದ್ರೆ, 'ಇದು ಇನ್ಯಾರಿಗೂ ಆಗಲ್ಲ ಕಣ್ರೋ' ಅಂತ ಅಜ್ಜಿ ಎದ್ದು ಕೂತು ಬೈತಾರೆ."

ಅಳುತ್ತಿದ್ದ ಮನೆ ಒಮ್ಮೆಗೇ ನಕ್ಕಿತು. ನಕ್ಕು ಮತ್ತೆ ಅತ್ತಿತು.

ಆರಡಿಯ ಪೆಟ್ಟಿಗೆಯಲ್ಲಿಯೇ ಅವರನ್ನು ಪತಿಯ ಪಕ್ಕದಲ್ಲಿ ಮಣ್ಣು ಮಾಡಿದೆವು. ಮಂಚದ ಹಲಗೆಗಳಲ್ಲಿ ಕೆಲವು ಉಳಿದವು. ಸೊಸೆ ಅವನ್ನು ಅಟ್ಟದ ಮೇಲೆ ಎತ್ತಿ ಇರಿಸಿದ್ದಾಳೆ.