ಬೀಗಿತ್ತಿಯ ಫ್ರೆಂಚು

ಬಾಯಿದ್ದ ಕಡೆ ರಾಮಾಯಣ ಇದ್ದದ್ದೇ. ಅಮೆರಿಕದ ನಮ್ಮ ಲ್ಯಾನ್‌ಹ್ಯಾಮ್ ಬೀದಿಯಲ್ಲಂತೂ ಒಂದೊಂದು ಬಾಯಲ್ಲಿ ನಾಲ್ಕು ಭಾಷೆ, ಹಾಗಾಗಿ ನನಗೆ ಕೂತಲ್ಲೇ ಕಾಲಕ್ಷೇಪ.

ಪಕ್ಕದ ಮನೆ

ಪಕ್ಕದ ಮನೆಯಾಕೆ ಮಾರಿಷಸ್‌ನವಳು. ಸಮುದ್ರದ ನಡುವೆ ಚೂರೇ ಚೂರು ದೇಶ, ಭೂಪಟದ ಮೇಲೆ ನೊಣ ಕೂತರೆ ಮುಚ್ಚಿಹೋಗುತ್ತಂತೆ. ಭಾಷೆ ಮಾತ್ರ ಮನೆ ತುಂಬ. ಆಫೀಸಿಗೆ ಇಂಗ್ಲಿಷ್, ಅತ್ತೆಗೆ ಭೋಜ್‌ಪುರಿ. ಮಗನನ್ನು ಮುದ್ದಿಸೋದು, ಗಂಡನನ್ನು ಉಗಿಯೋದು ಎರಡೂ ಅವರೂರಿನ ಕ್ರಿಯೋಲ್‌ನಲ್ಲಿ. ಫ್ರೆಂಚ್ ಇದೆಯಲ್ಲ, ಅದು ಹೊರಗಿನವರಿಗೆ. ನಾವು ನೆಂಟರಿಗೆ ಅಂತ ಬೆಳ್ಳಿ ಲೋಟ ಎತ್ತಿಡೋ ಹಾಗೆ.

ಕೊರೋನಾ ಕಾಲದಲ್ಲಿ ಬೇಲಿ ಪಕ್ಕ ನಿಂತು ಶುರುವಾದ ಸ್ನೇಹ ನಮ್ಮದು. ಅವಳ ಭೋಜ್‌ಪುರಿ, ನನ್ನ ಮುರುಕು ಹಿಂದಿ ಸೇರಿದರೆ ಯಾರ ಮನೆ ಗುಟ್ಟೂ ನಿಲ್ಲಲ್ಲ. ಒಂದು ಸಂಜೆ ಗಂಡನ ಜೊತೆ ಬರೀ ಫ್ರೆಂಚ್ ಮಾತಾಡ್ತಿದ್ದಳು.

"ಏನಮ್ಮಾ, ಗಂಡನಿಗೆ ಇಷ್ಟೊಂದು ಮರ್ಯಾದೆ?" ಅಂದೆ.

"ಇವತ್ತು ಅವರು ಈ ಮನೆಗೆ ನೆಂಟರು ಆಂಟಿ. ಸೋಫಾ ಮೇಲೆ ಮಲಗ್ತಾರೆ."

ದೇವಸ್ಥಾನದ ಕ್ಯಾಂಟೀನು

ಅವಳ ಮಗನಿಗೂ ಇದೇ ಊರಲ್ಲಿರೋ ಧಾರವಾಡದ ಡಾಕ್ಟರ ಮಗಳಿಗೂ ಪ್ರೀತಿ. ತಾಯಂದಿರಿಬ್ಬರೂ ಹೂಂ ಅಂದರೇ ಮದುವೆ ಅಂತ ಮಕ್ಕಳ ಹಟ. ದೇವಸ್ಥಾನದ ಕ್ಯಾಂಟೀನಿನಲ್ಲಿ ಮೊದಲ ಭೇಟಿ ಆಯ್ತು. ಡಾಕ್ಟರ ಹೆಂಡತಿ ನನಗೆ ಫೋನ್ ಮಾಡಿ ಕುಣಿದಾಡಿದಳು.

"ಆಂಟಿ, ಬರೋವಾಗ ಫ್ರೆಂಚ್, ಹೋಗೋವಾಗ ಫ್ರೆಂಚ್! ಎಂಥಾ ದೊಡ್ಡ ಮಂದೀರಿ!"

"ನಿನಗೆ ಫ್ರೆಂಚ್ ಬರುತ್ತೇನೇ?"

"ಇಲ್ರಿ. ಆದ್ರ ಮರ್ಯಾದಿ ತಿಳೀತದ."

ನಾನು ಸೋಫಾ ನೆನೆಸಿಕೊಂಡು ಸೆರಗು ಬಾಯಿಗೆ ತುರುಕಿಕೊಂಡೆ.

ಹೋಳಿಗೆ ಊಟ

ಆಮೇಲೆ ಡಾಕ್ಟರ ಮನೆಯಲ್ಲಿ ಊಟ. ನನ್ನನ್ನು ಕರೆದಿರಲಿಲ್ಲ, ಹೋಗಿದ್ದೆ. ಮಾರಿಷಸ್‌ನಲ್ಲಿ ನಮ್ಮ ಹೋಳಿಗೆ ಥರದ್ದೇ ಒಂದು ಬೇಳೆ ರೊಟ್ಟಿ ಇದೆ, ಸಿಹಿ ಇಲ್ಲ, ಪಲ್ಯದ ಜೊತೆ ತಿಂತಾರೆ. ನಮ್ಮ ಪಕ್ಕದ ಮನೆಯಾಕೆ ಅದೇ ಇದು ಅಂದ್ಕೊಂಡು ಹೋಳಿಗೆಗೆ ಬದನೆಕಾಯಿ ಎಣಗಾಯಿ ಸವರಿ, ಮೇಲೆ ಖಾರದ ಚಟ್ನಿ ಸುರಿದಳು.

ಡಾಕ್ಟರ ಹೆಂಡತಿ ನಗುನಗುತ್ತಲೇ ಮಗಳಿಗೆ, "ನೋಡ, ಹೋಳಿಗಿ ಮಾನ ಕಳದ್ಲು! ಇವರ ಮನ್ಯಾಗ ನಾಲಿಗಿ ಇದ್ದಾವ್ರು ಯಾರೂ ಇಲ್ಲೇನ?"

"ಏನಂದ್ರು?" ಅಂತ ಇವಳು.

ಅಮೆರಿಕದಲ್ಲಿ ಹುಟ್ಟಿದ ಹುಡುಗಿ, ಕಣ್ಣು ಮಿಟುಕಿಸದೆ ಇಂಗ್ಲಿಷಿನಲ್ಲಿ, "ನೀವು ಊಟ ಮಾಡೋದು ನೋಡೋಕೇ ಚೆಂದ ಅಂತಿದ್ದಾರೆ" ಅಂದಳು.

ಕೊನೆ ತನಕ ಹೀಗೇ. ತಾಯಿ ಎಸೆದ ಕಲ್ಲೆಲ್ಲ ಆ ಕಡೆ ಹೂವಾಗಿ ಬಿತ್ತು. ಇವಳು ಒಂದೊಂದಕ್ಕೂ ಫ್ರೆಂಚಿನಲ್ಲಿ ಥ್ಯಾಂಕ್ಸ್ ಹೇಳಿದಳು.

ಬೇಲಿ ಪಕ್ಕ

ಮಾರನೇ ದಿನ ಬೇಲಿ ಹತ್ತಿರ ಮುಖ ಸಣ್ಣದು ಮಾಡ್ಕೊಂಡು ನಿಂತಿದ್ದಳು.

"ಈ ಸಂಬಂಧ ಬೇಡ ಆಂಟಿ. ಮಗನಿಗೂ ಹೇಳಿಬಿಟ್ಟೆ, ರೂಮು ಸೇರಿ ಬಾಗಿಲು ಹಾಕ್ಕೊಂಡಿದ್ದಾನೆ."

"ಯಾಕೇ?"

"ಬರೀ ಹೊಗಳಿಕೆ! ಒಂದು ಕೊಂಕಿಲ್ಲ, ಒಂದು ಬೈಗುಳ ಇಲ್ಲ. ನಮ್ಮನ್ನು ಹೊರಗಿನವರಾಗೇ ಇಟ್ಟಿದ್ದಾರೆ. ಅಂಥ ಮನೆ ಹುಡುಗಿ ಹತ್ತಿರ ನಾನು ಜನ್ಮವಿಡೀ ಫ್ರೆಂಚ್ ಮಾತಾಡ್ಲಾ?"

"ಅಯ್ಯೋ ಹುಚ್ಚಿ, ಬೈದಿದ್ದಾಳಮ್ಮಾ! ನೀನು ಚಪ್ಪಲಿ ಬಿಟ್ಟ ಗಳಿಗೆಯಿಂದ ಮೆಟ್ಟೋ ತನಕ ಬೈದಿದ್ದಾಳೆ!"

ಅವಳ ಮುಖ ದೀಪ ಹಚ್ಚಿದ ಹಾಗಾಯ್ತು. "ಹೌದಾ? ಏನೇನಂದ್ರು?"

ಎಲ್ಲ ಒಪ್ಪಿಸಿದೆ. "ಇನ್ನೂ?" ಅಂದಳು. ಸರಕು ಮುಗಿದಿತ್ತು, ಮದುವೆ ವಿಷಯ, ಪುಣ್ಯದ ಕೆಲಸ ಅಂತ ನನ್ನವೇ ಎರಡು ಸೇರಿಸಿದೆ. ಅವಳು ಸೊಂಟಕ್ಕೆ ಕೈಕೊಟ್ಟು, ಅಲ್ಲೇ ಡಾಕ್ಟರ ಮನೆಗೆ ಫೋನ್ ಹಚ್ಚಿ, ಅಪ್ಪಟ ಕ್ರಿಯೋಲ್‌ನಲ್ಲಿ ಬೇಲಿ ಅಲ್ಲಾಡೋ ಹಾಗೆ ಬೈದಳು.

ಸಂಜೆ ಡಾಕ್ಟರ ಹೆಂಡತಿ ಫೋನು. "ಆಂಟಿ, ಬೀಗಿತ್ತಿ ಇವತ್ತ ಬ್ಯಾರೆ ಭಾಷಾದಾಗ ಭಾಳ ಮಾತಾಡಿದ್ರು. ಒಂದಕ್ಷರ ತಿಳೀಲಿಲ್ರಿ. ಹುಡುಗನ್ನ ಕೇಳಿದೆ. 'ಇನ್ಮ್ಯಾಲೆ ನೀವು ನಮ್ಮ ಮನಿಯವರು' ಅಂದ್ರಂತ!"

ಪಾಪ, ಸುಳ್ಳು ಹೇಳೋಕೆ ಹೋಗಿ ಹುಡುಗ ನಿಜ ಹೇಳಿಬಿಟ್ಟಿದ್ದ.